ಅಸಾಧ್ಯ ವೇಗ

ಮೂರನೇ ತರಗತಿಯ ಚಟಪಟಿ ಒಂದೇ ಉಸಿರಿಗೆ ಪಾಠ ಓದಿ ಮುಗಿಸಿದಳು. ಪಾಠದೊಳಗಿನ ಬಸವನಹುಳು ಬೆಳಿಗ್ಗೆ ಹೊರಟು, ಗೋಡೆ ಹತ್ತಿ ಇಳಿದು, ಸಂಜೆಗೆ ಮನೆ ಸೇರಬೇಕಿತ್ತು. ಇವಳ ಬಾಯಿಗೆ ಸಿಕ್ಕಿ ಅದು ಇಲ್ಲದ ಕಾಲಿಗೆ ಬುದ್ಧಿ ಹೇಳಿ ಓಡಿತು. ಎದುರಿಗೆ ಕೂತಿದ್ದ ಪರೀಕ್ಷಕರು ಟ್ಯಾಬಿನ ಗುಂಡಿ ಒತ್ತಿದರು. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ‘ಅಸಾಧ್ಯ ವೇಗ. ಮತ್ತೆ ಓದಿಸಿ.’

ನಗರದ ಸರ್ಕಾರಿ ಶಾಲೆಗಳ ಮಕ್ಕಳಿಗೆ ಎಷ್ಟು ಓದು ಬಂದಿದೆ, ಎಷ್ಟು ಲೆಕ್ಕ ಬಂದಿದೆ ಎಂದು ಅಳೆಯಲು ಬಂದವರು ಅವರು. ಕಳೆದ ಸಲ ಈ ಶಾಲೆ ಎಲ್ಲಕ್ಕಿಂತ ಕೆಳಗಿತ್ತು. ಆಗ ಅಕ್ಷರ ಕೂಡಿಸಲೂ ತಿಣುಕುತ್ತಿದ್ದ ಚಟಪಟಿಯನ್ನು ಹೆಡ್ ಮಿಸ್ ವರ್ಷವಿಡೀ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಓದು ಕಲಿಸಿದ್ದರು. ಬಾಗಿಲ ಬಳಿ ನಿಂತು ಬೀಗುತ್ತಿದ್ದ ಅವರ ಮುಖ ಈಗ ಸಪ್ಪಗಾಯಿತು.

“ಸರ್, ಒಂದಕ್ಷರಾನೂ ತಪ್ಪಿಲ್ವಲ್ಲ!”

“ನನಗೆ ಗೊತ್ತು ಮೇಡಂ, ಇದಕ್ಕೆ ಗೊತ್ತಾಗಬೇಕಲ್ಲ. ಮೂರನೇ ಕ್ಲಾಸಿನ ಮಗು ಇಷ್ಟು ಬೇಗ ಓದಲ್ಲ ಅಂತ ಇದರ ತಲೇಲಿ ಕೂತುಬಿಟ್ಟಿದೆ. ಇನ್ನೊಂದು ಸಲ ಹೀಗಾದ್ರೆ, ಶಾಲೆಯೋರು ಮೋಸ ಮಾಡಿದಾರೆ ಅಂತ ಅದೇ ಬರ್ಕೊಳ್ಳುತ್ತೆ.”

ಹೆಡ್ ಮಿಸ್ ಓಡಿಬಂದು ಹುಡುಗಿಯ ಗಲ್ಲ ಹಿಡಿದರು. “ಚಿನ್ನಾ, ನನ್ನ ಬಂಗಾರಾ, ಸ್ವಲ್ಪ ನಿಧಾನಕ್ಕೆ ಓದೇ.”

“ನಿಧಾನಕ್ಕಾ?” ಚಟಪಟಿಗೆ ಗಾಬರಿಯಾಯಿತು. “ಬೇಡ ಮಿಸ್. ನಿಧಾನಕ್ಕೆ ಓದಿದ್ರೆ ಕೇಳೋರಿಗೆ ನಿದ್ದೆ ಬರುತ್ತೆ. ನಮ್ಮಜ್ಜಿ ಅಂತೂ ಎರಡನೇ ಸಾಲಿಗೇ ಔಟ್. ಅವರು ಮಲಗೋದ್ರೊಳಗೆ ಮುಗಿಸೋಣ ಅಂತಾನೇ ಬೇಗ ಓದೋದು ಕಲ್ತಿದ್ದು.”

“ನಿಮ್ಮಜ್ಜಿಗೆ ವಯಸ್ಸಾಗಿದೆ ಮರಿ. ನನಗೆ ದಿನಾ ಮೀಟಿಂಗಲ್ಲಿ ಎಚ್ಚರವಾಗಿ ಕೂತು ಅಭ್ಯಾಸ ಇದೆ,” ಎಂದು ಪರೀಕ್ಷಕರು ಬೆನ್ನು ನೆಟ್ಟಗೆ ಮಾಡಿ ಗುಂಡಿ ಒತ್ತಿದರು. “ಹ್ಞೂಂ, ಓದು. ಮುಗಿದ ತಕ್ಷಣ ಮತ್ತೆ ಒತ್ತುತೀನಿ.”

“ಬಸವನ... ಹುಳು... ಮೆಲ್ಲ... ಮೆಲ್ಲಗೆ...”

ಯಾರೋ ತೊಟ್ಟಿಲು ತೂಗಿದಂತಿತ್ತು. ಹುಳು ಗೋಡೆಯ ಬುಡ ಸೇರುವಷ್ಟರಲ್ಲಿ ಪರೀಕ್ಷಕರ ರೆಪ್ಪೆ ಭಾರವಾಯಿತು. ಅರ್ಧ ಗೋಡೆಗೆ ತಲೆ ತೂಗಿತು. ಹುಳು ತುದಿ ಮುಟ್ಟಿದಾಗ ಅವರ ಗೊರಕೆಗೆ ಕಿಟಕಿಯ ಗಾಜು ಅದುರುತ್ತಿತ್ತು. ಎಬ್ಬಿಸೋಣವೆಂದು ಹೆಡ್ ಮಿಸ್ ಒಂದು ಹೆಜ್ಜೆ ಮುಂದಿಟ್ಟರು, ಆಕಳಿಸಿದರು, ಸಿಕ್ಕಿದ ಬೆಂಚಿನ ಮೇಲೆ ಕೂತರು. ಅಷ್ಟೇ.

ಶಾಲೆ ಬಿಡುವ ಗಂಟೆ ಹೊಡೆದಾಗ ಇಬ್ಬರೂ ಧಡಕ್ಕನೆ ಎದ್ದರು.

“ಮುಗೀತಾ?” ಪರೀಕ್ಷಕರು ತೊದಲಿದರು.

“ಆಗಲೇ ಮುಗೀತು ಸಾರ್, ನೀವೇ ಗುಂಡಿ ಒತ್ತಲಿಲ್ಲ. ಎಬ್ಬಿಸೋಕೆ ಪಾಪ ಅನ್ನಿಸ್ತು. ಲೆಕ್ಕದ ಹಾಳೆ ಇಲ್ಲೇ ಬಿದ್ದಿತ್ತು, ಅದನ್ನೂ ಮಾಡಿಟ್ಟಿದೀನಿ.”

ಲೆಕ್ಕ ಒಂದೂ ತಪ್ಪಿರಲಿಲ್ಲ. ಪರೀಕ್ಷಕರು ಗುಂಡಿ ಒತ್ತಿದರು. ಟ್ಯಾಬು ಈ ಸಲ ಒಂದಿಷ್ಟೂ ತಕರಾರು ಮಾಡಲಿಲ್ಲ. ಓದಿನ ವೇಗ ನಿಮಿಷಕ್ಕೆ ಒಂದು ಪದ ಎಂದು ಹಸಿರು ಅಕ್ಷರದಲ್ಲಿ ತೋರಿಸಿ, ಮೇಲಧಿಕಾರಿಗಳಿಗೆ ತಾನೇ ಕಳಿಸಿಬಿಟ್ಟಿತು. ಹೆಡ್ ಮಿಸ್ ತಲೆಯ ಮೇಲೆ ಕೈಹೊತ್ತು ಕೂತರು.

ಮುಂದಿನ ವಾರವೇ, ಓದಿನಲ್ಲಿ ತೀರಾ ಹಿಂದುಳಿದ ಆ ಮಗುವಿಗೆಂದು ವಿಶೇಷ ಶಿಕ್ಷಕಿಯೊಬ್ಬರು ಬಂದಿಳಿದರು. ಹೆಡ್ ಮಿಸ್ ಎಷ್ಟು ಬಿಡಿಸಿ ಹೇಳಿದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಚಟಪಟಿಯನ್ನು ಎದುರು ಕೂರಿಸಿಕೊಂಡು, ಪುಸ್ತಕ ತೆರೆದು, ಅಕ್ಕರೆಯಿಂದ ಅವಳ ತಲೆ ಸವರಿದರು.

“ಹೆದರ್ಕೋಬೇಡ ಪುಟ್ಟಾ. ಒಂದೊಂದೇ ಪದ. ನಿಧಾನಕ್ಕೆ ಓದು.”

ಚಟಪಟಿ ಎದ್ದು ಹೋಗಿ, ಹೆಡ್ ಮಿಸ್ ಕುರ್ಚಿಯ ಮೇಲಿದ್ದ ದಿಂಬು ತಂದು ಹೊಸ ಶಿಕ್ಷಕಿಯ ತಲೆಯ ಹಿಂದೆ ಇಟ್ಟಳು.

“ಒರಗಿಕೊಳ್ಳಿ ಮಿಸ್. ಆಮೇಲೆ ಕತ್ತು ನೋಯುತ್ತೆ.”