ದಿನಕ್ಕೆ ನಾಲ್ಕು ಹನಿ

ಎರಡೂ ಕಿವಿ ಸೋರಿ ಮಂದವಾದ ಮೇಲೆ ವಾರಿಜಾಳ ಪರವಾಗಿ ಡಾಕ್ಟರ ಮಾತನ್ನೆಲ್ಲ ಗಂಡನೇ ಕೇಳಿಸಿಕೊಳ್ಳುತ್ತಿದ್ದ.

"ಇನ್ನೂ ಒಂದು ತಿಂಗಳು ಹನಿ ಬಿಡ್ಬೇಕಂತೆ ಕಣೇ," ಎಂದು ಕಿವಿಯ ಹತ್ತಿರ ಬಾಯಿಟ್ಟು ಕೂಗಿದ.

ದಿನವೂ ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಅವಳನ್ನು ಮಗ್ಗುಲಾಗಿ ಮಲಗಿಸಿ ಹನಿ ಬಿಡುತ್ತಿದ್ದ. ಆಮೇಲೆ ಪಕ್ಕದಲ್ಲೇ ಕೂತು ಫೋನಿನಲ್ಲಿ ಯಾರೊಂದಿಗೋ ನಗುನಗುತ್ತ ಮಾತಾಡುತ್ತಿದ್ದ. ಮದುವೆಯಾದಾಗಿನಿಂದ ಅವಳು ಇಷ್ಟು ಅಕ್ಕರೆ ಕಂಡಿರಲಿಲ್ಲ.

ಏನೂ ಕೇಳಿಸದಂತಾದ ದಿನ ಗಾಬರಿಯಾಗಿ ಒಬ್ಬಳೇ ಆಸ್ಪತ್ರೆಗೆ ಹೋದಳು.

"ಒಂದು ದಿನಾನೂ ಔಷಧಿ ತಪ್ಪಿಸಿಲ್ಲ ಮೇಡಂ. ನಮ್ಮನೆಯವರೇ ಹಾಕ್ತಾರೆ."

ಡಾಕ್ಟರು ಬೆಚ್ಚಿಬಿದ್ದು, ಚೀಟಿಯಲ್ಲಿ ಬರೆದು ತೋರಿಸಿದರು:

"ಕಿವಿಯ ತಮಟೆ ತೂತಾಗಿದೆ, ಈ ಹನಿ ಮುಂದುವರಿಸಿದರೆ ಪೂರ್ತಿ ಕಿವುಡಾಗಬಹುದು ಅಂತ ನಿಮ್ಮ ಯಜಮಾನರಿಗೆ ಹೋದ ತಿಂಗಳೇ ಹೇಳಿದ್ದೆನಲ್ಲ."