ಕಂಪ್ಯೂಟರಿಗೆ ಪೂಜೆ

"ಮನ್ಯಾಗ ಕಂಪ್ಯೂಟರ್ ಕೂಡಿಸಿದ್ರ ಮೊದಲ ಗುಂಡಿ ನೀನ ಒತ್ತಾಕಿ" ಎಂದು ಬಾಳೇಶ ಮಗಳು ಪದ್ಮಶ್ರೀಗೆ ಎಂದೋ ಮಾತು ಕೊಟ್ಟಿದ್ದ. ಗೋಕಾಕದಿಂದ ಬಿಡಿಭಾಗ ತಂದು, ಗೇಮ್ ಆಡಲೆಂದು ಅವಳೇ ಜೋಡಿಸಿದ ಕಂಪ್ಯೂಟರ್ ಡಬ್ಬಿಯ ಮೇಲೆ ಅಜ್ಜಿ ಹನಮವ್ವ, ಹೊಸ ಟ್ರ್ಯಾಕ್ಟರಿಗೆ ಸುರಿದಂತೆ, ಒಡೆದ ಕಾಯಿಯ ನೀರು ಸುರಿದಳು. ಮೇಲಿನ ಜಾಲರಿಯಿಂದ ನೀರು ಒಳಗಿಳಿದದ್ದು ಬಾಳೇಶನಿಗೆ ಮಾತ್ರ ಕಂಡಿತು.

"ಒತ್ತ ನನ್ನವ್ವ! ಇನ್ನ ಯಾರ ದೃಷ್ಟೀನೂ ತಾಗಂಗಿಲ್ಲ" ಎಂದಳು ಹನಮವ್ವ. ತಾಯಿಯ ಆ ಹಿಗ್ಗು ಕೆಡಿಸಲು ಬಾಳೇಶನಿಗೆ ಮನಸ್ಸಾಗಲಿಲ್ಲ. ನೀರಿಳಿದ ಡಬ್ಬಿಗೆ ಕರೆಂಟ್ ಹೋಗಿ ಸುಡಬಾರದೆಂದು ಗೋಡೆಯ ಸ್ವಿಚ್ಚನ್ನು ಸದ್ದಿಲ್ಲದೆ ಆರಿಸಿದ.

ಪದ್ಮಶ್ರೀ ಒತ್ತಿದಳು. ದೀಪ ಹತ್ತಲಿಲ್ಲ. ಮತ್ತೆ ಮತ್ತೆ ಒತ್ತಿದಳು.

"ಅಪ್ಪಾ, ನಾನ ತಪ್ಪ ಜೋಡಿಸೇನೇನು?"

ಹನಮವ್ವ ಇನ್ನೂ ಕೈಮುಗಿದೇ ನಿಂತಿದ್ದಳು.

"ಹಂಗ ಆಗಿರಬೇಕವಾ" ಎಂದ ಬಾಳೇಶ.

ಕೊಟ್ಟ ಮಾತು ನಡೆದಿತ್ತು. ಮೊದಲ ಗುಂಡಿ ಮಗಳೇ ಒತ್ತಿದ್ದಳು.