ನಾವು ಮಾಡಿದ ಮಿಠಾಯಿ

ಇನ್ನೂ ಅರ್ಧ ಚಮಚ. ಬೋಡಿಲ್ ಬಾಗಿಲತ್ತ ಒಮ್ಮೆ ನೋಡಿ, ಕಹಿಬೇರಿನ ಸಾರವನ್ನು ಮಿಠಾಯಿ ಹೂರಣದ ಪಾತ್ರೆಗೆ ಸುರಿದೇಬಿಟ್ಟಳು.

ಮಿಠಾಯಿಯ ಮೇಲ್ಪದರ ಎಂದಿನಂತೆಯೇ: ಕಪ್ಪು ಬಣ್ಣ, ಜ್ಯೇಷ್ಠಮಧು, ಮೇಲೊಂದಿಷ್ಟು ಉಪ್ಪು. ಕಹಿ ಇರುವುದು ಹೊಟ್ಟೆಯೊಳಗೆ. ಮೂರು ನಿಮಿಷ ಚೀಪಿದ ಮೇಲೆ ಮಾತ್ರ ಗೊತ್ತಾಗುತ್ತದೆ. ವಿಷವೇನಲ್ಲ. ಆದರೆ ನಾಲಿಗೆಗೆ ಹತ್ತಿತೆಂದರೆ ಸಂಜೆಯವರೆಗೂ ಬಿಡುವುದಿಲ್ಲ.

ಈ ಸಲವೂ ತನ್ನದೇ ಎಂಬಂತೆ ಎದ್ದು ನಿಲ್ಲಲಿ ಅಸ್ಗರ್. ನಿಂತು ನೋಡಲಿ.

ಡೆನ್ಮಾರ್ಕಿನ ಸ್ವೆಂಬೋರ್ಗ್ ಬಂದರಿನ ಆ ಮಿಠಾಯಿ ಕಾರ್ಖಾನೆಯಲ್ಲಿ ಮೂರು ವರ್ಷದಿಂದ ಅವಳು ಹಲ್ಲು ಕಚ್ಚಿಕೊಂಡಿದ್ದಳು. ಸೋಂಪಿನ ಮಿಠಾಯಿ ಹೊಳೆದದ್ದು ಅವಳಿಗೆ. ಹೊಗೆ ಕೊಟ್ಟ ಉಪ್ಪಿನದೂ ಅವಳದೇ. ಪ್ರತಿ ಸಲ ಸಭೆಯಲ್ಲಿ ವಿವರಿಸಿದವನು ಮಾತ್ರ ಪಕ್ಕದ ಮೇಜಿನ ಅಸ್ಗರ್. "ನಿಂದೇ ತಲೆ ಅಲ್ವೇನೋ ಇದು?" ಎಂದು ಮಾಲಕಿ ಮೆರೆಟ ಕೇಳಿದರೆ, "ಹಾಗೇನಿಲ್ಲ, ನಾವು ಮಾಡಿದ್ದು" ಎಂದು ನಗುತ್ತಿದ್ದ. ಎಷ್ಟು ವಿನಯ ನೋಡಿ ಎಂದು ಎಲ್ಲರೂ ಅವನ ಬೆನ್ನು ತಟ್ಟುತ್ತಿದ್ದರು.

'ನಾನು ಮಾಡಿದೆ' ಎಂದು ಬಾಯಿಬಿಟ್ಟವರನ್ನು ಇಲ್ಲಿ ಜಂಬದ ಕೋಳಿ ಎಂದು ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಬೋಡಿಲ್ ಬಾಯಿಬಿಡಲಿಲ್ಲ. ಮನೆಗೆ ಹೋಗಿ ಪಾತ್ರೆ ಕುಕ್ಕಿದಳು, ಅಷ್ಟೆ.

ಈಗ ರುಚಿ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿ. ಹನ್ನೊಂದು ಗಂಟೆಗೆ ಖರೀದಿದಾರರು ಬರುತ್ತಾರೆ. ಅವರು ಮೆಚ್ಚಿದರೆ, ಮಿಠಾಯಿ ಮಾಡಿದವರಿಗೇ ಕುರ್ಚಿ ಎಂದು ಮೆರೆಟ ಹೇಳಿಯಾಗಿದೆ. ಹದಿನಾಲ್ಕು ವರ್ಷದಿಂದ ಬೋಡಿಲ್ ಆಸೆಪಟ್ಟ ಕುರ್ಚಿ. ತನಗೆ ಸಿಗದಿದ್ದರೆ ಹೋಗಲಿ, ಅಸ್ಗರ್‌ಗಂತೂ ಸಿಗಬಾರದು.

ಹತ್ತೂವರೆಗೆ ಅವನೇ ದೊಡ್ಡ ಡಬ್ಬ ಹಿಡಿದು ಬಂದ.

"ಏನೋ ಇದು, ಕೇಕಾ? ನಿನ್ನ ಹುಟ್ಟುಹಬ್ಬ ಮಾರ್ಚಲ್ಲಲ್ವಾ?"

"ಬೇರೆ ವಿಷಯ. ಆಮೇಲೆ ಹೇಳ್ತೀನಿ."

ಹೇಳುವುದೇನು ಬಂತು? ವಿಶೇಷ ಯಾರದೋ ಅವರೇ ಕೇಕು ತರುವುದು ಪದ್ಧತಿ. ಅವನ ಮೇಜಿನ ಡ್ರಾಯರ್ ನಿನ್ನೆಯೇ ಖಾಲಿಯಾಗಿದೆ. ಪುಸ್ತಕಗಳೆಲ್ಲ ಪೆಟ್ಟಿಗೆ ಸೇರಿವೆ. ಫಲಿತಾಂಶಕ್ಕೆ ಮುಂಚೆಯೇ ಮಹಡಿಯ ಮುಖ್ಯಸ್ಥರ ಕೋಣೆಗೆ ಹೊರಟಿದ್ದಾನೆ! ಬೋಡಿಲ್‌ಗೆ ಮೈಯೆಲ್ಲ ಉರಿಯಿತು.

"ಮಿಠಾಯಿ ರೆಡಿನಾ?" ಎಂದ.

"ರೆಡಿ. ಒಂದು ಬಾಯಿಗೆ ಹಾಕ್ಕೊಂಡು ನೋಡ್ತೀಯಾ?" ಬಾಯಿತಪ್ಪಿ ಕೇಳಿಬಿಟ್ಟಿದ್ದಳು.

"ಬೇಡ ಮಾರಾಯ್ತಿ. ನೀನು ಮಾಡಿದ್ಮೇಲೆ ನೋಡೋದೇನಿದೆ? ಆದ್ರೆ ಇವತ್ತು ಮುಂದಿನ ಸಾಲಲ್ಲಿ ಕೂತ್ಕೋ."

"ಯಾಕೆ, ನಿನಗೆ ಚಪ್ಪಾಳೆ ಹೊಡೆಯೋಕಾ?"

"ಚಪ್ಪಾಳೆಗೇ ಅಂತಿಟ್ಕೋ" ಎಂದು ನಕ್ಕ.

ನಗು, ನಗು ಎಂದುಕೊಂಡಳು.

ಹನ್ನೊಂದಕ್ಕೆ ಸರಿಯಾಗಿ ಆರು ಖರೀದಿದಾರರು ಒಂದೊಂದು ಮಿಠಾಯಿ ಬಾಯಿಗಿಟ್ಟರು. ಮೆರೆಟಳೂ ಒಂದು ತೆಗೆದುಕೊಂಡಳು. ಒಂದು ನಿಮಿಷ. ಯಾರೋ "ಉಪ್ಪು ಹದವಾಗಿದೆ" ಎಂದರು. ಎರಡು ನಿಮಿಷ. ಮೆರೆಟ ಕಣ್ಣುಮುಚ್ಚಿ ತಲೆಯಾಡಿಸಿದಳು. ಬೋಡಿಲ್ ಗಡಿಯಾರ ನೋಡಿದಳು.

ಅಸ್ಗರ್ ಎದ್ದು ಗಂಟಲು ಸರಿಮಾಡಿಕೊಂಡ.

"ಕೇಕು ಯಾಕೆ ಅಂತ ಎಲ್ರೂ ಕೇಳಿದ್ರಿ. ನಾನು ಕೆಲಸ ಬಿಡ್ತಾ ಇದೀನಿ. ಸೋಮವಾರದಿಂದ ಓಡೆನ್ಸ್ ಊರಿನ ಕಾಲೇಜಲ್ಲಿ ಪಾಠ ಮಾಡ್ತೀನಿ. ಹೋಗೋ ಮುಂಚೆ ಒಂದು ಮಾತು. ಮೂರು ವರ್ಷ 'ನಾವು, ನಾವು' ಅಂದೆ. ಯಾರಪ್ಪಾ ಆ 'ನಾವು' ಅಂತ ಯಾರೂ ಕೇಳ್ಲಿಲ್ಲ. ನಾನೂ ಸುಮ್ಮನಿದ್ದೆ. ಬೆನ್ನು ತಟ್ಟಿಸಿಕೊಳ್ಳೋದು ಹಿತವಾಗಿತ್ತು. ತಪ್ಪು ನಂದು. ಸೋಂಪಿಂದು, ಹೊಗೆ ಉಪ್ಪಿಂದು, ಎಲ್ಲಾ ಬೋಡಿಲ್ ಮಾಡಿದ್ದು. ನಿನ್ನೆ ಮೆರೆಟಗೆ ಬರೆದೂ ಕೊಟ್ಟಿದೀನಿ."

ಮೆರೆಟ ಬಾಯಲ್ಲಿ ಮಿಠಾಯಿ ಇಟ್ಟುಕೊಂಡೇ ಬೋಡಿಲ್‌ಳತ್ತ ತಿರುಗಿ ಎರಡೂ ಕೈ ಚಾಚಿದಳು. ಚಪ್ಪಾಳೆ ಜೋರಾಗಿ ಬಿತ್ತು. ನಿಲ್ಲಿಸಿ, ಉಗಿದುಬಿಡಿ ಎನ್ನಲು ಬೋಡಿಲ್ ಬಾಯಿ ತೆರೆದಳು. ಗಡಿಯಾರದಲ್ಲಿ ಮೂರನೇ ನಿಮಿಷ ತುಂಬುತ್ತಿತ್ತು.

"ಇನ್ನು ಈಗ ನೀವು ಚೀಪ್ತಾ ಇರೋದು," ಎಂದ ಅಸ್ಗರ್ ಹೆಮ್ಮೆಯಿಂದ, "ಇದಕ್ಕೆ ನಾನು ಬೆರಳೂ ತಾಗಿಸಿಲ್ಲ. ಮೊದಲಿಂದ ಕೊನೇವರೆಗೂ ಬೋಡಿಲ್ ಒಬ್ಬಳದೇ."